ಅರ್ಧ ಗಂಟೆಯ ಮುಖ, ನಾಲ್ಕು ತಿಂಗಳ ನಕಲು

ಪತ್ತನಾಜೆಯ ಮರುದಿನ ನಾನು ತೈಲವರ್ಣ ಕೊಂಡೆ. ಕರಾವಳಿಯವರಿಗೆ ಹೇಳಬೇಕಾಗಿಲ್ಲ, ಘಟ್ಟದ ಮೇಲಿನವರಿಗಾಗಿ ಹೇಳುತ್ತೇನೆ: ಪತ್ತನಾಜೆ ಎಂದರೆ ತುಳುವರ ಬೇಶ ತಿಂಗಳ ಹತ್ತನೆಯ ದಿನ. ಮೇ ಕೊನೆಯ ವಾರದಲ್ಲಿ ಬರುತ್ತದೆ. ಅಂದಿಗೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುತ್ತದೆ, ಗೆಜ್ಜೆ ಬಿಚ್ಚುತ್ತಾರೆ, ದೈವಗಳ ಕೋಲ ನೇಮಗಳೂ ನಿಲ್ಲುತ್ತವೆ. ಇಡೀ ಜಿಲ್ಲೆ ಮುಖದ ಬಣ್ಣ ತೊಳೆದು ಮಳೆಗೆ ಕಾಯುವ ಹೊತ್ತಿನಲ್ಲಿ ನಾನು ಬಣ್ಣ ಹಿಡಿದೆ. ಅದೂ ಎಣ್ಣೆಯ ಬಣ್ಣ. ಅಂಗಡಿಯ ಹುಡುಗ, "ಮೇಡಂ, ಮಳೆಗಾಲದಲ್ಲಿ ಇದು ಬೇಗ ಒಣಗುವುದಿಲ್ಲ, ಅಕ್ರಿಲಿಕ್ ತೆಗೆದುಕೊಳ್ಳಿ" ಎಂದು ಎರಡು ಸಲ ಹೇಳಿದ. ಎರಡು ಸಲ ಹೇಳಿದ್ದನ್ನು ಕೇಳದಿರುವುದು ನಮ್ಮ ಮನೆತನದ ಗುಣ.

ನನಗೆ ಐವತ್ತೊಂದು ವರ್ಷ. ಮಂಗಳೂರಿನ ಒಂದು ಸಹಕಾರಿ ಸಂಘದಲ್ಲಿ ಲೆಕ್ಕಪತ್ರ ನೋಡುತ್ತೇನೆ. ಶಾಲೆಯಲ್ಲಿ ದಾಸವಾಳ, ತೆಂಗಿನಮರ, ಎರಡು ಗುಡ್ಡಗಳ ನಡುವಿನ ಸೂರ್ಯ, ಇಷ್ಟು ಬಿಟ್ಟು ಬೇರೇನನ್ನೂ ಬಿಡಿಸಿದವಳಲ್ಲ. (ನಮ್ಮೂರಿನಲ್ಲಿ ಸೂರ್ಯ ಮುಳುಗುವುದು ಕಡಲಿನಲ್ಲಿ. ಆದರೂ ಗುಡ್ಡಗಳ ನಡುವೆಯೇ ಬಿಡಿಸುತ್ತಿದ್ದೆವು. ಡ್ರಾಯಿಂಗ್ ಪುಸ್ತಕದಲ್ಲಿ ಹಾಗಿತ್ತು.) ಆ ವರ್ಷ ಆಡಿಟ್ ಮುಗಿಯುವ ಹೊತ್ತಿಗೆ ಅಂಕಿಗಳನ್ನು ಕಂಡರೆ ಕಣ್ಣು ಉರಿಯುತ್ತಿತ್ತು. ಮಗಳು ಓದಲು ಬೇರೆ ಊರಿಗೆ ಹೋಗಿ, ಅವಳ ಮೇಜು ಖಾಲಿ ಬಿದ್ದಿತ್ತು. ಕಾರಣ ಕೇಳುವವರಿಗೆ ಇದಕ್ಕಿಂತ ದೊಡ್ಡ ಕಾರಣ ನನ್ನ ಬಳಿ ಇಲ್ಲ.

ನಕಲು ಮಾಡಲು ಆರಿಸಿಕೊಂಡದ್ದು ಅಲೆಕ್ಸೆಯ್ ಯಾವ್ಲೆನ್‌ಸ್ಕಿ ಎಂಬ ರಷ್ಯನ್ ಕಲಾವಿದ 1909ರಲ್ಲಿ ಮ್ಯೂನಿಕ್‌ನಲ್ಲಿ ಬರೆದ ಭಾವಚಿತ್ರ. ನರ್ತಕ ಅಲೆಕ್ಸಾಂಡರ್ ಸಖರೋಫ್‌ನದು. ಕೆಂಪು ಉಡುಪು, ಕಪ್ಪು ಕೂದಲು, ಬೆಳ್ಳಗೆ ಬಳಿದ ಮುಖ, ಕಾಡಿಗೆ ತುಂಬಿದ ದೊಡ್ಡ ಕಣ್ಣು, ಹಿಂದೆ ನೀಲಿಯೋ ಹಸಿರೋ ಎನ್ನಲಾಗದ ಒಂದು ಬಣ್ಣ. ತುಸು ವಾರೆಯಾಗಿ ಕುಳಿತು ನಮ್ಮತ್ತ ನೋಡುತ್ತಾನೆ. ಮೊದಲ ನೋಟಕ್ಕೆ ಹೆಂಗಸು. ಎರಡನೆಯ ನೋಟಕ್ಕೆ ಅನುಮಾನ. ತುಟಿಯ ಕೊನೆಯಲ್ಲಿರುವ ನಗು ಆ ಅನುಮಾನವನ್ನು ಕಂಡೇ ನಕ್ಕಂತಿದೆ.

ಈ ಚಿತ್ರದ ಹಿಂದೆ ಒಂದು ಕಥೆ ಹೇಳುತ್ತಾರೆ. ಸಖರೋಫ್ ಅಂದು ರಂಗಕ್ಕೆ ಹೋಗುವ ಮುನ್ನ ವೇಷ ಕಟ್ಟಿಕೊಂಡು, ಬಣ್ಣ ಹಚ್ಚಿಕೊಂಡೇ ಯಾವ್ಲೆನ್‌ಸ್ಕಿಯ ಮನೆಗೆ ಬಂದನಂತೆ. ಯಾವ್ಲೆನ್‌ಸ್ಕಿ ಅರ್ಧ ಗಂಟೆಯೊಳಗೆ ಚಿತ್ರ ಮುಗಿಸಿದ. ಮುಗಿಸಿದವನು ಸುಮ್ಮನಿರುವ ಜಾತಿಯಲ್ಲ, ಮತ್ತೆ ತಿದ್ದಿಯಾನು ಎಂದು ಹೆದರಿ, ಬಣ್ಣ ಹಸಿಯಾಗಿರುವಾಗಲೇ ಸಖರೋಫ್ ಅದನ್ನು ಎತ್ತಿಕೊಂಡು ಹೋದ. ಈಗ ಅದು ಮ್ಯೂನಿಕ್‌ನ ಲೆನ್‌ಬಾಖ್‌ಹೌಸ್ ಸಂಗ್ರಹಾಲಯದಲ್ಲಿದೆ. ಕ್ಯಾನ್ವಾಸ್ ಕೂಡ ಅಲ್ಲ, ರಟ್ಟಿನ ಮೇಲೆ ತೈಲವರ್ಣ. 69.5 ಸೆಂ.ಮೀ. ಎತ್ತರ, 66.5 ಸೆಂ.ಮೀ. ಅಗಲ, ಹೆಚ್ಚುಕಡಿಮೆ ಚೌಕ.

ಅರ್ಧ ಗಂಟೆಯ ಕೆಲಸ ತಾನೇ, ನನಗೆ ಒಂದು ವಾರ ಹಿಡಿದೀತು ಎಂದುಕೊಂಡೆ.

ಇಷ್ಟು ಚಿತ್ರಗಳಿರುವಾಗ ಇದೇ ಯಾಕೆ ಎಂದರೆ, ಇಂಥ ಮುಖ ನಾನು ಮೊದಲೇ ಕಂಡಿದ್ದೆ. ನನ್ನ ತಾಯಿಯ ಅಣ್ಣ, ತುಳುವಿನಲ್ಲಿ ತಮ್ಮಲೆ, ಮೇಳದಲ್ಲಿ ಸ್ತ್ರೀವೇಷ ಮಾಡುತ್ತಿದ್ದರು. ನನಗೆ ಎಂಟೊಂಬತ್ತು ವರ್ಷವಿರುವಾಗ ಕಿನ್ನಿಗೋಳಿಯ ಕಡೆ ಎಲ್ಲಿಯೇ ಆಟವಾದರೂ ಅಜ್ಜಿ ನನ್ನ ಕೈಯಲ್ಲಿ ಕಾಫಿಯ ಫ್ಲಾಸ್ಕ್ ಕೊಟ್ಟು ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಅಟ್ಟುತ್ತಿದ್ದರು. ಗದ್ದೆಯಲ್ಲಿ ಮಡಲು ಕಟ್ಟಿದ ಚೌಕಿ, ಎರಡು ಸಾಲಿನಲ್ಲಿ ಚಾಪೆ, ಪ್ರತಿಯೊಬ್ಬರ ಎದುರು ಒಂದು ಪೆಟ್ಟಿಗೆ, ಕೈಯಲ್ಲಿ ಒಂದು ಕನ್ನಡಿ. ಯಾರ ಮುಖಕ್ಕೆ ಅವರದೇ ಕೈ. ನಾನು ಮಾವನ ಚಾಪೆಯ ತುದಿಯಲ್ಲಿ ಕುಳಿತು ನೋಡುತ್ತಿದ್ದೆ. ಒಂದು ಹಂತದಲ್ಲಿ, ಹಣೆಯಿಂದ ಮೂಗಿನವರೆಗೆ ದ್ರೌಪದಿ, ಮೂಗಿನಿಂದ ಕೆಳಗೆ ಮೀಸೆ ಬೋಳಿಸಿದ ನನ್ನ ಮಾವ. ಆ ಅರ್ಧ ಮುಖ ತಿರುಗಿ, "ಕಾಫಿಗೆ ಸಕ್ಕರೆ ಹಾಕಿದ್ದಾರಾ?" ಎಂದು ಕೇಳಿದಾಗ ಉತ್ತರ ಯಾರಿಗೆ ಕೊಡುವುದು ಎಂದು ನನಗೆ ತಿಳಿಯುತ್ತಿರಲಿಲ್ಲ.

ಸಖರೋಫ್‌ನ ಚಿತ್ರವನ್ನು ಮೊದಲ ಸಲ ಮೊಬೈಲ್ ಪರದೆಯ ಮೇಲೆ ಕಂಡಾಗ ಆ ಚಾಪೆಯ ತುದಿಗೆ ಹೋಗಿ ಕುಳಿತಂತಾಯಿತು.

ಆದರೆ ಅದನ್ನು ನಾನು ನಂಬಲಿಲ್ಲ. ಓದಿದ್ದನ್ನು ನಂಬಿದೆ. ಇದು ಎಕ್ಸ್‌ಪ್ರೆಷನಿಸಂ, ಕನ್ನಡದಲ್ಲಿ ಅಭಿವ್ಯಕ್ತಿವಾದ ಎನ್ನುತ್ತಾರೆ. ಹೊರಗೆ ಕಂಡದ್ದಕ್ಕಿಂತ ಒಳಗೆ ಅನಿಸಿದ್ದನ್ನು ಬಣ್ಣದಲ್ಲಿ ಹೇಳುವ ಬಗೆ. ಡ್ರೆಸ್ಡೆನ್‌ನಲ್ಲಿ 1905ರಲ್ಲಿ 'ಬ್ರ್ಯೂಕೆ' ಗುಂಪು, ಮ್ಯೂನಿಕ್‌ನಲ್ಲಿ 1911ರಲ್ಲಿ 'ನೀಲಿ ಸವಾರ' ಗುಂಪು, ಈ ಎರಡನ್ನು ಎಲ್ಲರೂ ಹೇಳುತ್ತಾರೆ. ಯಾವ್ಲೆನ್‌ಸ್ಕಿ ರಷ್ಯದ ಸೈನ್ಯದಲ್ಲಿ ಅಧಿಕಾರಿಯಾಗಿದ್ದುಕೊಂಡೇ ಅಲ್ಲಿನ ದೊಡ್ಡ ಕಲಾವಿದ ರೇಪಿನ್ ಬಳಿ ಚಿತ್ರ ಕಲಿತವನು. 1896ರಲ್ಲಿ ಸೈನ್ಯ ಬಿಟ್ಟು ಮ್ಯೂನಿಕ್‌ಗೆ ಬಂದ. 1908ರ ಬೇಸಗೆಯಲ್ಲಿ ಮುರ್ನಾವ್ ಎಂಬ ಸಣ್ಣ ಊರಿನಲ್ಲಿ ಕಾಂಡಿನ್‌ಸ್ಕಿ, ಮ್ಯುಂಟರ್, ವೆರೆಫ್ಕಿನ್ ಎಂಬ ಕಲಾವಿದರೊಡನೆ ಕುಳಿತು ಚಿತ್ರ ಬರೆದ. ಅಲ್ಲಿಂದಾಚೆಗೆ ಅವನ ಬಣ್ಣಗಳು ಕೆರಳಿದವು. ಮುಖ ಹಸಿರಾಗಿದ್ದರೆ ಅದು ಮನಸ್ಸಿನ ಹಸಿರು, ಕಣ್ಣು ದೊಡ್ಡದಾಗಿದ್ದರೆ ಅದು ಒಳಗಣ್ಣು ಎಂದು ನಾನೂ ತಲೆಯಾಡಿಸಿದೆ. ಹಾಗೆ ತಲೆಯಾಡಿಸಿದ್ದಕ್ಕೆ ಎರಡು ತಿಂಗಳ ದಂಡ ಕಟ್ಟಿದ್ದೇನೆ.

ನಮ್ಮೂರಿನಲ್ಲಿ ಬೆಳೆದವರಿಗೆ ಚಿತ್ರವೆಂದರೆ ಮೊದಲು ನೆನಪಿಗೆ ಬರುವುದು ಲೈಟ್‌ಹೌಸ್ ಹಿಲ್ ಮೇಲಿನ ಸಂತ ಅಲೋಶಿಯಸ್ ಚಾಪೆಲ್. ಇಟಲಿಯಿಂದ ಬಂದ ಜೆಸ್ವಿಟ್ ಅಂತೋನಿಯೊ ಮೊಸ್ಕೇನಿ ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಆ ಗೋಡೆ, ಛಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿದ. ಪ್ರತಿ ಕೆನ್ನೆ ಉರುಟು, ಪ್ರತಿ ಬೆರಳಿಗೆ ನೆರಳು, ಬಟ್ಟೆಯ ಮಡಿಕೆಯನ್ನು ಕೈಯಲ್ಲಿ ಹಿಡಿಯಬಹುದು ಎನ್ನುವಷ್ಟು ನಿಜ. ಶಾಲೆಯಿಂದ ಕರೆದುಕೊಂಡು ಹೋದಾಗ ಕತ್ತೆತ್ತಿ ನೋಡಿ ಕತ್ತು ನೋವು ಬರಿಸಿಕೊಂಡದ್ದು ನೆನಪಿದೆ. ಚಿತ್ರ ಕಲಿಯುವುದೆಂದರೆ ಹಾಗೆ ಬರೆಯಲು ಕಲಿಯುವುದು, ಅದು ನಮ್ಮಂಥವರಿಗೆ ಆಗದು, ಆದ್ದರಿಂದ ಗೀಟು ಸೊಟ್ಟಗಿದ್ದರೂ ನಡೆಯುವ ಚಿತ್ರವೊಂದನ್ನು ಹಿಡಿಯೋಣ ಎಂಬ ಲೆಕ್ಕಾಚಾರವೂ ನನ್ನಲ್ಲಿತ್ತು. ಒಪ್ಪಿಕೊಳ್ಳುತ್ತೇನೆ. ಮಣೆ ವಕ್ರವಾಗಿದ್ದರೆ ಕುಣಿಯುವವಳ ತಪ್ಪು ಕಾಣದು ಎಂಬ ಆಸೆ.

ಮೊದಲ ನಕಲು ಹೀಗೆ ಹಾಳಾಯಿತು. ಮೂಲ ರಟ್ಟಿನ ಮೇಲಿದೆ ಎಂದು ನಾನೂ ರಟ್ಟನ್ನೇ ತಂದೆ. ನಮ್ಮ ಸಂಘದ ಲೆಡ್ಜರ್‌ಗಳನ್ನು ಬೈಂಡ್ ಮಾಡುವವರ ಬಳಿ ಒಳ್ಳೆಯ ದಪ್ಪ ರಟ್ಟು ಸಿಗುತ್ತದೆ. ಮೂಲದ ಅರ್ಧ ಅಳತೆಗೆ ಕತ್ತರಿಸಿ, ಹಂಪನಕಟ್ಟೆಯ ಅಂಗಡಿಯೊಂದರಲ್ಲಿ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ, ಎರಡಕ್ಕೂ ಪೆನ್ಸಿಲಿನಿಂದ ಚೌಕಗಳನ್ನು ಎಳೆದೆ. ಲೆಡ್ಜರಿನ ಅಭ್ಯಾಸ, ಚೌಕ ಕಂಡರೆ ಕೈಗೆ ಧೈರ್ಯ. ಒಂದೊಂದು ಚೌಕದಲ್ಲಿ ಏನಿದೆಯೋ ಅದನ್ನೇ ಇಲ್ಲಿಯೂ ಇಟ್ಟೆ. ಐದು ರಾತ್ರಿ ಹಿಡಿಯಿತು. ಜಮೆ ಖರ್ಚು ತಾಳೆಯಾದಂತೆ ಎಲ್ಲ ಸರಿ ಬಂತು. ಎದ್ದು ನಿಂತು ನೋಡಿದರೆ ಮುಖ ಸತ್ತಿತ್ತು.

ಯಾಕೆಂದು ಆಗ ತಿಳಿಯಲಿಲ್ಲ. ಹುಬ್ಬಿನ ಗೀಟು ಮೂರು ಚೌಕಗಳನ್ನು ದಾಟುತ್ತಿತ್ತು. ನಾನು ಪ್ರತಿ ಚೌಕದ ಗಡಿಯಲ್ಲೂ ಸುಂಕ ಕಟ್ಟುವವಳಂತೆ ಕೈ ನಿಲ್ಲಿಸಿದ್ದೆ. ಬೇಸರದಲ್ಲಿ ಅದರ ಮೇಲೆಯೇ ಬಣ್ಣ ಹಚ್ಚಿದೆ. ಅಂಟು ಬಳಿಯದ ರಟ್ಟು ಎಣ್ಣೆಯನ್ನೆಲ್ಲ ಹೀರಿ, ಬಣ್ಣದ ಸುತ್ತ ಬೋಂಡಾ ಇಟ್ಟ ಕಾಗದದ ಹಾಗೆ ಕಲೆ ಹರಡಿತು. ಜೂನ್ ನಡುವಿಗೆ ಮಳೆ ಜೋರಾಯಿತು, ರಟ್ಟು ಹಪ್ಪಳದಂತೆ ಬಾಗಿತು. ಜುಲೈಗೆ ಸಖರೋಫ್‌ನ ಎಡಕೆನ್ನೆಯ ಮೇಲೆ ಬೂಷ್ಟು. ಗೋಡೆಗೆ ಒರಗಿಸಿದ ಚಿತ್ರ ನೋಡಿ ಕೆಲಸಕ್ಕೆ ಬರುವ ಅಕ್ಕ, "ಪಾಪ, ಇವರಿಗೆ ಏನಾಗಿತ್ತು?" ಎಂದರು.

ಎರಡನೆಯದಕ್ಕೆ ಹಾರ್ಡ್‌ಬೋರ್ಡ್ ತಂದು ಎರಡು ಸಲ ಜೆಸ್ಸೋ ಎಂಬ ಬಿಳಿಯ ತಳಲೇಪ ಬಳಿದೆ. ಚೌಕ ಎಳೆಯಲಿಲ್ಲ. ಈ ಸಲ ಇನ್ನೊಂದು ಹುಚ್ಚು: ಅವನು ಅರ್ಧ ಗಂಟೆಯಲ್ಲಿ ಬರೆದನಲ್ಲವೇ, ನಾನೂ ಮೊಬೈಲಿನಲ್ಲಿ ಮೂವತ್ತು ನಿಮಿಷದ ಅಲಾರಾಂ ಇಟ್ಟುಕೊಂಡು ಬರೆಯುತ್ತೇನೆ. ಹತ್ತನೆಯ ನಿಮಿಷಕ್ಕೆ ಉಡುಪಿನ ಕೆಂಪು ಕೆನ್ನೆಯ ಬಿಳಿಗೆ ತಾಗಿ ಗುಲಾಬಿಯಾಯಿತು. ಅದನ್ನು ಸರಿಪಡಿಸಲು ಹೋಗಿ ಕೂದಲಿನ ಕಪ್ಪನ್ನು ಎಳೆದು ತಂದೆ. ಇಪ್ಪತ್ತೈದಕ್ಕೆ ಇಡೀ ಮುಖ ನಾಟಿಗೆ ಉತ್ತ ಗದ್ದೆ. ಅಲಾರಾಂ ಹೊಡೆದಾಗ ಕುಕ್ಕರಿನದೂ ಮೂರನೆಯ ವಿಷಲ್ ಆಗಿತ್ತು. ಚಾಕುವಿನಿಂದ ಎಲ್ಲವನ್ನೂ ಕೆರೆದೆ. ಹಾಗೆ ಆ ಬೋರ್ಡನ್ನು ಎಷ್ಟು ಸಲ ಕೆರೆದೆನೋ ಲೆಕ್ಕವಿಟ್ಟಿಲ್ಲ, ಲೆಕ್ಕವಿಡುವುದೇ ನನ್ನ ಉದ್ಯೋಗವಾದರೂ.

ಕೆರೆಯುತ್ತ ಕೆರೆಯುತ್ತ ಮುದ್ರಿತ ಚಿತ್ರವನ್ನು ಬೇರೆ ರೀತಿಯಲ್ಲಿ ನೋಡಲು ಕಲಿತೆ. ರಟ್ಟಿನ ಮೇಲೆ ಬರೆದ ಅವನ ಚಿತ್ರಗಳಲ್ಲಿ ಬಣ್ಣ ಬಣ್ಣಗಳ ನಡುವೆ ರಟ್ಟು ಇಣುಕುವುದುಂಟು. ನಾನು ಅದನ್ನು ಅವಸರ ಎಂದು ತಿಳಿದಿದ್ದೆ. ಹಸಿಯ ಪಕ್ಕ ಹಸಿ ಇಡಬೇಕಾದವನಿಗೆ ಅದು ಗದ್ದೆಯ ಹುಣಿ. ಬಣ್ಣ ಬಣ್ಣಕ್ಕೆ ತಾಗದಂತೆ ಬಿಟ್ಟ ಜಾಗ, ಇಲ್ಲವೇ ತಾಗುವಲ್ಲಿ ಒಂದು ದಪ್ಪ ಕಪ್ಪು ಗೀಟು. ಬೇಗ ಬರೆಯುವವನು ಎಲ್ಲಿ ಬರೆಯಬಾರದು ಎಂಬುದನ್ನು ಮೊದಲೇ ತೀರ್ಮಾನಿಸಿರುತ್ತಾನೆ. ನಾನು ಆ ತೀರ್ಮಾನವನ್ನು ಅರ್ಧ ಗಂಟೆಯ ಒಳಗೆ ಮಾಡಲು ಹೋಗಿದ್ದೆ. ಅವನು ಅದನ್ನು ಅದಕ್ಕೂ ಹಿಂದಿನ ಇಪ್ಪತ್ತು ವರ್ಷಗಳಲ್ಲಿ ಮಾಡಿದ್ದ.

ಬಿಳಿಯದು ಇನ್ನೊಂದು ಕಥೆ. ಮುಖ ಬಿಳಿ, ಸರಿ. ಆದರೆ ಟ್ಯೂಬಿನ ಬಿಳಿಯನ್ನು ನೇರ ಹಚ್ಚಿದರೆ ಸುಣ್ಣದ ಗೋಡೆ. ಮೊದಲು ನನ್ನಲ್ಲಿದ್ದದ್ದು ಟೈಟಾನಿಯಂ ಬಿಳಿ. ಅದು 1909ರಲ್ಲಿ ಕಲಾವಿದರ ಕೈಗೆ ಬಂದೇ ಇರಲಿಲ್ಲ. ಅವರ ಬಳಿ ಇದ್ದದ್ದು ಸೀಸದ ಬಿಳಿ, ಸತುವಿನ ಬಿಳಿ. ಸೀಸ ವಿಷ, ಸತುವಿನದು ಈಗಲೂ ಸಿಗುತ್ತದೆ, ಟ್ಯೂಬಿನ ಮೇಲೆ ಝಿಂಕ್ ವೈಟ್ ಎಂದಿರುತ್ತದೆ. ಅದನ್ನು ತಂದು ಬೆರಳಿಗೆ ಹಚ್ಚಿ ನೋಡಿದಾಗ ತಣ್ಣಗೆ, ತುಸು ನೀಲಿಯಾಗಿ, ಎಲ್ಲೋ ಕಂಡಂತಿತ್ತು. ಎಲ್ಲಿ ಕಂಡದ್ದು? ಚೌಕಿಯಲ್ಲಿ. ಮಾವನ ಪೆಟ್ಟಿಗೆಯ ಸಫೇತು ಎಂಬ ಪುಡಿಯೂ ಝಿಂಕ್ ಆಕ್ಸೈಡೇ. ಮೊದಲು ಮುಖಕ್ಕೆ ತೆಂಗಿನೆಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಆಮೇಲೆ ಸಫೇತಿಗೆ ಚಿಟಿಕೆ ಹಳದಿ, ಚಿಟಿಕೆ ಕೆಂಪು ಸೇರಿಸಿ, ತೆಂಗಿನೆಣ್ಣೆಯಲ್ಲಿ ಅಂಗೈಯಲ್ಲೇ ಕಲಸಿ ಹಚ್ಚುವುದು. ಅದರ ಮೇಲೆ ಪೌಡರ್ ಒತ್ತಿ ಕೂರಿಸುವುದು. ಕೊನೆಗೆ ಕಣ್ಣು, ಹುಬ್ಬು, ತುಟಿ.

ಪುಡಿ ಒಂದೇ, ಎಣ್ಣೆ ಬೇರೆ. ಚಿತ್ರದ ಬಣ್ಣದಲ್ಲಿರುವುದು ಅಗಸೆ ಎಣ್ಣೆ. ಅದು ನೀರಿನಂತೆ ಆವಿಯಾಗಿ ಒಣಗುವುದಿಲ್ಲ; ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿ ಚರ್ಮ ಕಟ್ಟಿಕೊಂಡು ಗಟ್ಟಿಯಾಗುತ್ತದೆ. ತೆಂಗಿನೆಣ್ಣೆಗೆ ಆ ಗುಣವಿಲ್ಲ. ವರ್ಷ ಕಳೆದರೂ ಎಣ್ಣೆ ಎಣ್ಣೆಯೇ. ಚಳಿಗೆ ಹೆಪ್ಪುಗಟ್ಟುತ್ತದೆ, ಬಿಸಿಲಿಗೆ ಕರಗುತ್ತದೆ, ಅಷ್ಟೇ. ಜನವರಿಯ ರಾತ್ರಿಗಳಲ್ಲಿ ಚೌಕಿಯವರು ಎಣ್ಣೆಯ ಶೀಶೆಯನ್ನು ದೀಪದ ಬಳಿ ಇಟ್ಟು ಕರಗಿಸುತ್ತಿದ್ದದ್ದು ನನಗೆ ಗೊತ್ತು. ಬೆಳಗಿನ ಜಾವ ಮಂಗಳವಾದ ಮೇಲೆ ಅದೇ ಎಣ್ಣೆ ಹಚ್ಚಿ ಒರೆಸಿದರೆ ದ್ರೌಪದಿ ಒಂದು ಹಳೆಯ ಬಟ್ಟೆಯಲ್ಲಿ ಬಂದುಬಿಡುತ್ತಿದ್ದಳು. ಒಣಗಬಾರದು ಎಂದೇ ಆರಿಸಿದ ಎಣ್ಣೆ ಅದು. ಒಣಗಿದರೆ ಮುಖ ಹೋಗುತ್ತದೆ.

ಬಿಳಿಯೊಳಗಿನ ಹಸಿರಿಗೆ ಬರುತ್ತೇನೆ. ಅದನ್ನು 'ಮನಸ್ಸಿನ ಹಸಿರು' ಎಂದು ನಂಬಿ ವಿರಿಡಿಯನ್ ಎಂಬ ಹಸಿರಿನ ಟ್ಯೂಬನ್ನೇ ಹಿಂಡಿ ಕೆನ್ನೆಗೆ ಹಚ್ಚಿದೆ. ಬಣ್ಣದ ವೇಷದ ರಾಕ್ಷಸ ಬಂದು ಕುಳಿತ. ಒಂದು ದಿನ ಕಪ್ಪು ಬಿಳಿ ಕಲಸಿ ಉಳಿದ ಬರಿಯ ಬೂದು ಬಣ್ಣವನ್ನು ಕುಂಚ ಒರೆಸಲೆಂದು ಕೆಂಪು ಉಡುಪಿನ ಪಕ್ಕ ಒತ್ತಿದೆ. ಬೂದು ಹಸಿರಾಯಿತು. ನನ್ನ ಕಣ್ಣ ಮುಂದೆಯೇ. ಒಂದು ಚೂರು ರಟ್ಟಿಗೆ ತೂತು ಮಾಡಿ, ಕೆಂಪನ್ನು ಮರೆಮಾಡಿ ಆ ತೂತಿನಿಂದ ನೋಡಿದರೆ ಬೂದು. ರಟ್ಟು ತೆಗೆದರೆ ಹಸಿರು. ರಾತ್ರಿ ಹನ್ನೊಂದು ಗಂಟೆಗೆ ಹತ್ತು ಸಲ ಹಾಗೆ ಇಟ್ಟು ತೆಗೆದು ಮಾಡಿರಬೇಕು. ಇದನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರಲ್ 1839ರಲ್ಲೇ ಪುಸ್ತಕ ಮಾಡಿ ಬರೆದಿದ್ದ ಎಂದು ಆಮೇಲೆ ಓದಿದೆ. ಗೊಬ್ಲೆನ್ ಎಂಬ ಪರದೆ ನೇಯುವ ಕಾರ್ಖಾನೆಯಲ್ಲಿ ಬಣ್ಣ ಅದ್ದುವ ವಿಭಾಗ ಅವನ ಮೇಲ್ವಿಚಾರಣೆಯಲ್ಲಿತ್ತು. ಕಪ್ಪು ನೂಲು ಕಪ್ಪಾಗಿ ಕಾಣುವುದಿಲ್ಲ ಎಂದು ದೂರು ಬಂತು. ಪರೀಕ್ಷಿಸಿದರೆ ಬಣ್ಣದಲ್ಲಿ ದೋಷವಿಲ್ಲ, ಅದರ ನೆರೆಯಲ್ಲಿ ನೇಯ್ದ ಬಣ್ಣದ ದೋಷ. ನೆರೆಮನೆಯಿಂದ ಹೆಸರು ಕೆಡುವುದು ಬಣ್ಣಗಳಿಗೂ ಉಂಟು.

ಹಾಗಾಗಿ ಕೆನ್ನೆಯ ಹಸಿರಿನಲ್ಲಿ ಅರ್ಧವನ್ನು ನಾನು ಹಚ್ಚಬೇಕಾಗಿಯೇ ಇರಲಿಲ್ಲ. ಕೆಂಪು ಉಡುಪು ತಾನಾಗಿ ಕೊಡುತ್ತಿತ್ತು. ಉಳಿದರ್ಧಕ್ಕೆ ಬೂದಿಗೆ ಒಂದು ತೊಟ್ಟು ವಿರಿಡಿಯನ್ ಸಾಕಾಯಿತು. ಇದರ ಮೇಲೆ, ನಾನು ನಕಲು ಮಾಡುತ್ತಿದ್ದದ್ದು ಮೂಲವನ್ನಲ್ಲ, ಮೂಲದ ಫೋಟೋದ ಮುದ್ರಣವನ್ನು. ಅಂತರ್ಜಾಲದಲ್ಲಿ ಸಿಕ್ಕ ಮೂರು ಪ್ರತಿಗಳಲ್ಲಿ ಹಿನ್ನೆಲೆ ಮೂರು ಬಣ್ಣ. ಕಚೇರಿಯಲ್ಲಿ 'ಮೂಲ ಪ್ರತಿಯೊಂದಿಗೆ ತಾಳೆ ನೋಡಲಾಗಿದೆ' ಎಂದು ದಿನಕ್ಕೆ ಹತ್ತು ಸಲ ಮುದ್ರೆ ಒತ್ತುವವಳು ನಾನು. ಇಲ್ಲಿ ಆ ಮುದ್ರೆ ಒತ್ತುವಂತಿಲ್ಲ.

ಆಟಿ ತಿಂಗಳ, ಅಂದರೆ ಆಷಾಢದ, ಮಳೆಯಲ್ಲಿ ಬೋರ್ಡು ಒಣಗಲು ಬಿಟ್ಟು ಯಾವ್ಲೆನ್‌ಸ್ಕಿಯ ಉಳಿದ ಚಿತ್ರಗಳನ್ನು ನೋಡುತ್ತ ಕುಳಿತೆ. ಜೀವಮಾನವಿಡೀ ಮುಖ ಬರೆದವನು. 1914ರಲ್ಲಿ ಯುದ್ಧ ಶುರುವಾದಾಗ ಶತ್ರುದೇಶದವನೆಂದು ಜರ್ಮನಿ ಬಿಡಬೇಕಾಯಿತು, ಸ್ವಿಟ್ಜರ್‌ಲೆಂಡಿನ ಸಣ್ಣ ಮನೆಯೊಂದರ ಕಿಟಕಿಯಿಂದ ಕಾಣುವ ಒಂದೇ ನೋಟವನ್ನು ಮತ್ತೆ ಮತ್ತೆ ಬರೆದ. ಮುಂದೆ ವೀಸ್‌ಬಾಡೆನ್‌ಗೆ ಬಂದು ನೆಲೆಸಿದ. ಸಂಧಿವಾತ ಹಿಡಿದು ಕೈ ಮಡಚದಾಯಿತು. 1933ರಿಂದ ನಾಜಿಗಳು ಅವನ ಚಿತ್ರಗಳನ್ನು ಪ್ರದರ್ಶಿಸಲು ಬಿಡಲಿಲ್ಲ. ಆ ವರ್ಷಗಳಲ್ಲಿ ಎರಡೂ ಕೈಗಳಿಂದ ಕುಂಚ ಹಿಡಿದು ಅಂಗೈಗಿಂತ ತುಸು ದೊಡ್ಡದಾದ ನೂರಾರು ಮುಖಗಳನ್ನು ಬರೆದಿದ್ದಾನೆ. ಹುಬ್ಬಿಗೆ ಒಂದು ಅಡ್ಡ ಗೀಟು, ಮೂಗಿಗೆ ಒಂದು ಉದ್ದ ಗೀಟು, ಮುಚ್ಚಿದ ಕಣ್ಣು. 1941ರಲ್ಲಿ ತೀರಿಕೊಂಡ. ಅವುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದ ಮೇಲೆ ಸಖರೋಫ್‌ನ ಮುಖದಲ್ಲಿಯೂ ನನಗೆ ಮೊದಲು ಗೀಟುಗಳೇ ಕಾಣತೊಡಗಿದವು.

ಸೆಪ್ಟೆಂಬರಿನಲ್ಲಿ ಮಾವ ಬಂದರು. ಎಪ್ಪತ್ತೆಂಟು ವರ್ಷ, ಮೇಳ ಬಿಟ್ಟು ಕಾಲವಾಯಿತು, ಮೊಣಕಾಲು ಎರಡೂ ಸವೆದಿವೆ. ಬಂದದ್ದು ಕಣ್ಣಿನ ಪೊರೆ ತೆಗೆಸಲು. ಬಲಗಣ್ಣಿನದು ಆಯಿತು, ಎಡಗಣ್ಣಿನದು ತಿಂಗಳು ಬಿಟ್ಟು ಎಂದರು ವೈದ್ಯರು. ಎರಡು ವಾರ ನಮ್ಮಲ್ಲಿಯೇ ಇದ್ದರು, ಅತ್ತೆಯೂ ಜೊತೆಗೆ. ನಮ್ಮದು ತುಳು ಮನೆ. ಮುಂದಿನ ಮಾತುಗಳನ್ನೆಲ್ಲ ನಾನು ಕನ್ನಡ ಮಾಡಿ ಬರೆಯುತ್ತಿದ್ದೇನೆ, ಅದೂ ಒಂದು ನಕಲು.

ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಮಾವನಿಗೆ ಒಂದು ಆಟ ಸಿಕ್ಕಿತು. ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ನೋಡುವುದು, ಆಮೇಲೆ ಅದಲು ಬದಲು. ಪೊರೆ ಬಂದ ಕಣ್ಣು ಎಲ್ಲವನ್ನೂ ಹಳದಿಯಾಗಿ ತೋರಿಸುತ್ತದೆ, ತೆಗೆದ ಕಣ್ಣಿಗೆ ನೀಲಿ ಎದ್ದು ಕಾಣುತ್ತದೆ. "ನಿಮ್ಮ ಅತ್ತೆಯ ಸೀರೆ ಈ ಕಣ್ಣಿಗೆ ಹಳತು, ಈ ಕಣ್ಣಿಗೆ ಹೊಸತು" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಮೂರನೆಯ ದಿನ ಮಗಳ ಕೋಣೆಗೆ ಬಂದು ನನ್ನ ಬೋರ್ಡಿನ ಮುಂದೆ ನಿಂತು ಅದೇ ಆಟ ಆಡಿದರು. ಎಡಗಣ್ಣು. ಬಲಗಣ್ಣು. ಮತ್ತೆ ಎಡಗಣ್ಣು.

"ಯಾವ ಮೇಳದವನು?" ಎಂದರು.

ಜರ್ಮನಿಯಲ್ಲಿದ್ದ ನರ್ತಕ, ನೂರು ವರ್ಷದ ಮೇಲಾಯಿತು ಎಂದೆ.

"ಗಂಡಸು ತಾನೇ?"

"ಹೌದು ಮಾವ. ನಿಮಗೆ ಹೇಗೆ ತಿಳಿಯಿತು?"

ಅದಕ್ಕೆ ಉತ್ತರ ಕೊಡುವ ಅಗತ್ಯ ಅವರಿಗೆ ಕಾಣಲಿಲ್ಲ. ಮುದ್ರಿಸಿದ ಚಿತ್ರ ಕೊಡು ಎಂದು ಕೈ ನೀಡಿದರು. ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇವನು ಹೊರಟವನು. ಆಟ ಮುಗಿಸಿ ಬಂದವನಲ್ಲ" ಎಂದರು. "ಕಾಡಿಗೆ ಕದಡಿಲ್ಲ ನೋಡು. ಒಂದು ಪದ್ಯಕ್ಕೆ ಕುಣಿದರೆ ಸಾಕು, ಬೆವರು ಮೊದಲು ಇಳಿಯುವುದು ಇಲ್ಲಿ" ಎಂದು ನನ್ನ ಮೂಗಿನ ಪಕ್ಕ, ಕಣ್ಣಿನ ಒಳಮೂಲೆಯನ್ನು ಬೆರಳಿನಿಂದ ಮುಟ್ಟಿ ತೋರಿಸಿದರು. ಹಸಿರಿನ ಬಗ್ಗೆ ಕೇಳಿದೆ. ಪುಸ್ತಕದ ಮಾತನ್ನೂ ಹೇಳಿದೆ, ಮನಸ್ಸು, ಒಳಗಿನ ಭಾವ ಇತ್ಯಾದಿ. ಪೂರ್ತಿ ಕೇಳಿದರು, ದೊಡ್ಡವರು. ಆಮೇಲೆ ಹೇಳಿದರು: "ಗ್ಯಾಸ್‌ಲೈಟ್ ಹೋಗಿ ಟ್ಯೂಬ್‌ಲೈಟ್ ಬಂದ ವರ್ಷ ನಮ್ಮ ಮುಖಗಳೆಲ್ಲ ಹಸಿರಾದವು ಮಾರಾಯ್ತಿ. ಗರತಿ ವೇಷ ಹಾಕಿ ಹೋದರೆ ಹೆಣ ಬಂದಂತೆ ಕಾಣುತ್ತದೆ ಎಂದು ಭಾಗವತರು ಬೈದರು. ಮತ್ತೆ ಸಫೇತು ಕಡಿಮೆ ಮಾಡಿ ಕೆಂಪು ಹೆಚ್ಚಿಸಿಕೊಂಡದ್ದು. ನೀನು ಇದನ್ನು ಯಾವ ಬೆಳಕಿನಲ್ಲಿ ಬರೆಯುತ್ತೀ?"

ನಾನು ಮೇಲೆ ನೋಡಿದೆ. ಮಗಳ ಕೋಣೆಯಲ್ಲಿರುವುದು ಟ್ಯೂಬ್‌ಲೈಟ್.

ಮ್ಯೂನಿಕ್‌ನ ಆ ಕೋಣೆಯಲ್ಲಿ ಎಂಥ ಬೆಳಕಿತ್ತೋ, ಅದಕ್ಕೂ ಮಾವನ ಮಾತಿಗೂ ಸಂಬಂಧ ಕಲ್ಪಿಸಲು ನಾನು ಹೋಗುವುದಿಲ್ಲ. ಆದರೆ ಯಾವ್ಲೆನ್‌ಸ್ಕಿಯ ಎದುರು ಕುಳಿತದ್ದು ಬರಿಯ ಮುಖವಲ್ಲ ಎಂಬುದು ನನಗೆ ಆಗಲೇ ಹೊಳೆದದ್ದು. ಅದು ಆಗಲೇ ಬರೆದು ಮುಗಿಸಿದ ಮುಖ. ಬಿಳಿ ಹಚ್ಚಿದ್ದವನು ಸಖರೋಫ್, ಕಣ್ಣನ್ನು ದೊಡ್ಡದು ಮಾಡಿದ್ದವನು ಸಖರೋಫ್, ತುಟಿಯನ್ನು ಕಿರಿದು ಮಾಡಿದ್ದವನೂ ಅವನೇ. ವಿಕಾರ, ಅತಿರೇಕ, ಒಳಗಿನ ಭಾವ ಎಂದು ನಾನು ಕಲಾವಿದನ ಖಾತೆಗೆ ಜಮೆ ಮಾಡಿದ್ದರಲ್ಲಿ ಎಷ್ಟೋ ಪಾಲು ಚೌಕಿಯಿಂದ ಎದ್ದು ಬಂದವನ ಕೈಕೆಲಸ. ಯಾವ್ಲೆನ್‌ಸ್ಕಿ ಅರ್ಧ ಗಂಟೆಯಲ್ಲಿ ಮುಗಿಸಿದ್ದು ಹೇಗೆ ಎಂಬುದಕ್ಕೆ ನನ್ನ ಲೆಕ್ಕದ ಪುಸ್ತಕದಲ್ಲಿ ಈಗ ಎರಡು ಹೆಸರುಗಳಿವೆ. ವಿಮರ್ಶಕರು ಒಪ್ಪದಿರಬಹುದು. ಅವರು ಯಾರೂ ಫ್ಲಾಸ್ಕ್ ಹಿಡಿದು ಚಾಪೆಯ ತುದಿಯಲ್ಲಿ ಕುಳಿತವರಲ್ಲ.

ಅಂದಿನಿಂದ ಕೆಲಸ ಸರಾಗವಾಯಿತು. ಟ್ಯೂಬ್‌ಲೈಟ್ ಆರಿಸಿ, ರಜೆಯ ದಿನ ಬೆಳಗಿನ ಬೆಳಕಿನಲ್ಲಿ ಕಿಟಕಿಯ ಬಳಿ ಕುಳಿತೆ. ಚೌಕಿಯ ಕ್ರಮವನ್ನೇ ಹಿಡಿದೆ. ಇಡೀ ಮುಖಕ್ಕೆ ಒಂದೇ ಬಿಳಿ, ತೆಳ್ಳಗೆ. ಒತ್ತಿ ಕೂರಿಸಲು ಪೌಡರ್ ಇಲ್ಲವಾದ್ದರಿಂದ ನಾಲ್ಕು ದಿನ ಕಾದೆ. ಆಮೇಲೆ ಬೂದು, ಆಮೇಲೆ ಕೆಂಪು, ನಡುವೆ ಹುಣಿ ಬಿಟ್ಟು. ಕಣ್ಣು ಕೊನೆಗೆ.

ಕಣ್ಣು ಬಂದಾಗ ಹಳೆಯ ರೋಗ ಮರಳಿತು. ಮೇಲಿನ ರೆಪ್ಪೆಯ ಗೀಟನ್ನು ಮೂರು ತುಂಡು ಮಾಡಿ ಎಳೆದೆ. ತುಂಡುಗಳನ್ನು ಬೆಸೆದೆ. ದಪ್ಪವಾಯಿತು. ಅಂಚು ಒರೆಸಿದೆ. ನಡುಗಿದಂತೆ ಕಂಡಿತು. ಮಾವ ಹಿಂದೆ ನಿಂತಿದ್ದರೆಂದು ನನಗೆ ಗೊತ್ತಿರಲಿಲ್ಲ.

"ಗೀಟು ಎಳೆಯುವಾಗ ಯಾಕೆ ಉಸಿರಾಡುತ್ತೀ?" ಎಂದರು.

ನಾನು ತಿರುಗುವುದರೊಳಗೆ ಅವರು ಅಡುಗೆಮನೆಗೆ ಹೋಗಿ ಬಂದರು. ಒಂದು ಕೈಯಲ್ಲಿ ಹಿಡಿಸೂಡಿಯಿಂದ ಮುರಿದ ಕಡ್ಡಿ, ಇನ್ನೊಂದರ ಅಂಗೈಯಲ್ಲಿ ಏನೋ ಮಿನುಗುತ್ತಿತ್ತು. ನನ್ನ ಪ್ಯಾಲೆಟ್ಟಿನ ಕಪ್ಪನ್ನು ಕಡ್ಡಿಯ ತುದಿಯಲ್ಲಿ ತೆಗೆದು ಅಂಗೈಯಲ್ಲಿ ಎರಡು ಸಲ ಉಜ್ಜಿದರು. ಎಡಗಣ್ಣು ಮುಚ್ಚಿದರು. ಕಡ್ಡಿಯನ್ನು ಕಣ್ಣಿನ ಒಳಮೂಲೆಯಲ್ಲಿ ಊರಿ, ಹೊರಕ್ಕೆ, ಮೇಲಕ್ಕೆ, ಕಿವಿಯ ಕಡೆಗೆ ಒಂದೇ ಎಳೆತ. ಮೂಲದಲ್ಲಿ ಆ ಗೀಟು ಅಷ್ಟು ದೂರ ಹೋಗುವುದಿಲ್ಲ. ಅದು ಯಾವ್ಲೆನ್‌ಸ್ಕಿಯದೂ ಅಲ್ಲ, ನನ್ನದೂ ಅಲ್ಲ, ನಮ್ಮ ಕಡೆಯ ಯಕ್ಷಗಾನದ, ಶುದ್ಧ ತೆಂಕುತಿಟ್ಟಿನ ಕಣ್ಣು. ನಾಲ್ಕು ತಿಂಗಳ ನಕಲು ಅಲ್ಲಿಗೆ ನಕಲಾಗಿ ಉಳಿಯಲಿಲ್ಲ.

"ಕಣ್ಣಿನ ಆಪರೇಷನ್ ಆದವರು ಎಣ್ಣೆ ಗಿಣ್ಣೆ ಮುಟ್ಟಬಾರದು ಎಂದಿದ್ದಾರೆ!" ಎಂದು ಬಾಗಿಲಿನಿಂದ ಅತ್ತೆ ಕೂಗಿದಾಗಲೇ ನನಗೆ ಅವರ ಅಂಗೈಯಲ್ಲಿ ಮಿನುಗುತ್ತಿದ್ದದ್ದು ಏನೆಂದು ತಿಳಿದದ್ದು. ಕಪ್ಪನ್ನು ಅವರು ಕಲಸಿದ್ದು ತೆಂಗಿನೆಣ್ಣೆಯಲ್ಲಿ. ಅರುವತ್ತು ವರ್ಷದ ಅಭ್ಯಾಸ.

ಒರೆಸಿಬಿಡಬಹುದಿತ್ತು. ಕೆರೆಯಲು ಚಾಕು ಪಕ್ಕದಲ್ಲೇ ಇತ್ತು. ಒರೆಸಲಿಲ್ಲ.

ಈಗ ಜನವರಿ. ಮೇಳಗಳು ತಿರುಗಾಟದಲ್ಲಿವೆ, ರಾತ್ರಿ ದೂರದಿಂದ ಚೆಂಡೆ ಕೇಳುತ್ತದೆ. ಬೋರ್ಡು ಮಗಳ ಮೇಜಿನ ಮೇಲೆ ಗೋಡೆಗೆ ಒರಗಿ ನಿಂತಿದೆ. ಕೆಂಪು ಒಣಗಿದೆ, ಬಿಳಿ ಒಣಗಿದೆ, ಎಲ್ಲಕ್ಕಿಂತ ತಡಮಾಡಿದ ಕೂದಲಿನ ಕಪ್ಪೂ ಒಣಗಿದೆ. ಆ ಒಂದು ಗೀಟು ಬೆಳಿಗ್ಗೆ ಚಳಿಗೆ ಗಟ್ಟಿಯಾಗಿರುತ್ತದೆ. ಮಧ್ಯಾಹ್ನ ಮುಟ್ಟಿದರೆ ಬೆರಳಿಗೆ ಕಪ್ಪು ಹತ್ತುತ್ತದೆ.